ರಕ್ತ ಕೊಟ್ಟಿರಿ, ಅದರ ಜೊತೆ ಬಂದ ಕಬ್ಬಿಣದ ಲೆಕ್ಕ ಇಡುವವರು ಯಾರು?

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ.

ವಿಷಯ: ಮಜ್ಜೆಯ ಕಾಯಿಲೆಯಿಂದ ಪದೇ ಪದೇ ರಕ್ತ ಏರಿಸಿಕೊಳ್ಳುವ ರೋಗಿಗಳಲ್ಲಿ ಸೇರುವ ಕಬ್ಬಿಣದ ಬಗ್ಗೆ.

ಮಾನ್ಯರೇ,

ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನವಳು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ಅವ್ವನಿಗೆ ಈಗ ಅರವತ್ತೊಂದು ವರ್ಷ. ಆಕೆಗೆ ಎಂಡಿಎಸ್ ಎಂಬ ಕಾಯಿಲೆ ಇದೆ. ಪೂರ್ತಿ ಹೆಸರು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್. ಎಲುಬಿನೊಳಗಿನ ಮಜ್ಜೆ ರಕ್ತದ ಕಣಗಳನ್ನು ಹುಟ್ಟಿಸುತ್ತದೆ. ಆದರೆ ಅವು ಬಲಿಯುವ ಮೊದಲೇ ಬಹಳಷ್ಟು ಅಲ್ಲೇ ಸಾಯುತ್ತವೆ. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್ ಮಟ್ಟ) ಆರಕ್ಕೆ ಇಳಿಯುತ್ತದೆ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ. ಆಸ್ಪತ್ರೆಗೆ ಹೋಗಿ ರಕ್ತ ಏರಿಸಿಕೊಂಡು ಬಂದರೆ ಎರಡು ವಾರ ಆರಾಮ. ಮತ್ತೆ ಅದೇ ಕಥೆ.

ರಕ್ತ ಸಿಗಲಿಲ್ಲ ಎಂಬ ದೂರು ನನ್ನದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಹೋಗುವ ಸರ್ಕಾರಿ ಆಸ್ಪತ್ರೆಯ ಬ್ಲಡ್ ಬ್ಯಾಂಕಿನವರು ರಾತ್ರಿ ಹನ್ನೊಂದಕ್ಕೂ ಕ್ರಾಸ್‌ಮ್ಯಾಚ್ ಮಾಡಿ, ಅಂದರೆ ರಕ್ತ ಹೊಂದುತ್ತದೆಯೇ ಎಂದು ನೋಡಿ, ಕೊಟ್ಟಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳು ಗೊಬ್ಬರದ ಅಂಗಡಿ, ರೈಸ್ ಮಿಲ್ಲು ಬಿಟ್ಟು ಬಂದು ಡೋನರ್ ಆಗಿದ್ದಾರೆ. ಸಿಸ್ಟರ್‌ಗಳು ಅವ್ವನ ಹೆಸರು ಹಿಡಿದು ಮಾತಾಡಿಸುತ್ತಾರೆ. ಇವರ ಋಣ ನಮ್ಮ ಮೇಲಿದೆ.

ನನ್ನ ದೂರು ಬೇರೆ. ಎರಡು ವರ್ಷಕ್ಕೂ ಹೆಚ್ಚು ಕಾಲ, ತಿಂಗಳಿಗೆ ಸರಾಸರಿ ಎರಡು ಬ್ಯಾಗ್ ರಕ್ತ ಅವ್ವನ ಮೈಗೆ ಹೋಯಿತು. ಅದರ ಜೊತೆ ಎಷ್ಟು ಕಬ್ಬಿಣ ಹೋಯಿತೆಂದು ಅಷ್ಟೂ ದಿನ ಯಾರೂ ಲೆಕ್ಕ ಇಡಲಿಲ್ಲ. ಪರೀಕ್ಷೆ ಮಾಡಲಿಲ್ಲ. ಮಾಡಿಸಿ ಎಂದೂ ಹೇಳಲಿಲ್ಲ.

ಇದು ಯಾಕೆ ದೊಡ್ಡ ವಿಷಯ ಅಂತ ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇನೆ. ತಾವು ಓದುವ ಕಡತಗಳಲ್ಲಿ ಈ ಲೆಕ್ಕ ಬಂದಿರಲಿಕ್ಕಿಲ್ಲ.

ಆರೋಗ್ಯವಂತ ದೊಡ್ಡವರ ಮೈಯಲ್ಲಿ ಒಟ್ಟು ಕಬ್ಬಿಣ ಇರುವುದೇ 3ರಿಂದ 4 ಗ್ರಾಂ. ದಿನಾ ಊಟದಿಂದ ಒಳಗೆ ಹೋಗುವುದು 1ರಿಂದ 2 ಮಿಲಿಗ್ರಾಂ. ಚರ್ಮ, ಕರುಳಿನ ಕಣಗಳು ಉದುರಿ ಹೊರಗೆ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಜಾಸ್ತಿಯಾದ ಕಬ್ಬಿಣವನ್ನು ತಳ್ಳಿಹಾಕಲು ನಮ್ಮ ದೇಹಕ್ಕೆ ದಾರಿ ಇಲ್ಲ. ಉಪ್ಪು ಜಾಸ್ತಿ ತಿಂದರೆ ಮೂತ್ರದಲ್ಲಿ ಹೋಗುತ್ತದೆ. ಕಬ್ಬಿಣ ಹಾಗೆ ಹೋಗುವುದಿಲ್ಲ. ಒಂದು ಬ್ಯಾಗ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಇಪ್ಪತ್ತು ಬ್ಯಾಗ್ ಆಗುವಷ್ಟರಲ್ಲಿ 4ರಿಂದ 5 ಗ್ರಾಂ ಒಳಗೆ ಬಂತು. ಅಂದರೆ ಹುಟ್ಟಿದಾಗಿನಿಂದ ಕೂಡಿಸಿಟ್ಟ ಕಬ್ಬಿಣಕ್ಕಿಂತ ಜಾಸ್ತಿ. ಅವ್ವನಿಗೆ ಐವತ್ತರ ಹತ್ತಿರ ಬ್ಯಾಗ್ ಆಗಿವೆ. 10 ಗ್ರಾಂ ದಾಟಿದೆ. ಹೊರಗೆ ಬಂದದ್ದು ಹೆಚ್ಚುಕಡಿಮೆ ಏನೂ ಇಲ್ಲ.

ಹುಟ್ಟಿನಿಂದಲೇ ರಕ್ತ ಸರಿಯಾಗಿ ಆಗದ ತಲಸ್ಸೇಮಿಯಾ ಮಕ್ಕಳಲ್ಲಿ 10ರಿಂದ 20 ಸಲ ರಕ್ತ ಏರಿಸಿದ ಮೇಲೆ, ಇಲ್ಲವೇ ರಕ್ತದಲ್ಲಿ ಫೆರಿಟಿನ್ 1000 ದಾಟಿದ ಮೇಲೆ, ಕಬ್ಬಿಣ ತೆಗೆಯುವ ಔಷಧ ಶುರು ಮಾಡಬೇಕು ಎಂಬುದು ವೈದ್ಯರಿಗೆ ಗೊತ್ತಿರುವ ನಿಯಮ. ಫೆರಿಟಿನ್ ಎಂದರೆ ಮೈಯೊಳಗಿನ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಪರೀಕ್ಷೆ.

ಈ ಹೆಸರನ್ನು ನಾನು ಮೊದಲು ಕೇಳಿದ್ದು ವೈದ್ಯರಿಂದ ಅಲ್ಲ. ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿ ಕುಷ್ಟಗಿ ಕಡೆಯ ಒಬ್ಬ ತಾಯಿ ತನ್ನ ಏಳು ವರ್ಷದ ಮಗನನ್ನು ಮಲಗಿಸಿಕೊಂಡಿದ್ದರು. ತಲಸ್ಸೇಮಿಯಾ ಮಗು. ಅವರು ಅವ್ವನ ಬ್ಯಾಗ್ ನೋಡಿ ಸಹಜವಾಗಿ ಕೇಳಿದರು, "ಅಕ್ಕಾರ, ನಿಮ್ಮ ಅವ್ವಂದು ಫೆರಿಟಿನ್ ಎಷ್ಟೈತ್ರಿ?" ಆ ತಾಯಿ ನಾಲ್ಕನೇ ಇಯತ್ತೆ ಓದಿದವರು. ಮಗನ ಒಂದು ನೋಟ್‌ಬುಕ್ ಇಟ್ಟಿದ್ದರು. ಯಾವ ದಿನ ಎಷ್ಟು ಎಂಎಲ್ ರಕ್ತ, ಎಚ್‌ಬಿ ಎಷ್ಟು, ಫೆರಿಟಿನ್ ಎಷ್ಟು, ಮಾತ್ರೆ ಎಷ್ಟು, ಎಲ್ಲ ಬರೆದಿತ್ತು. ಅಂಥ ಒಂದು ಪುಟವೂ ಅವ್ವನ ಫೈಲಿನಲ್ಲಿ ಇರಲಿಲ್ಲ.

ನಾನು ಡ್ಯೂಟಿ ಡಾಕ್ಟರರನ್ನು ಕೇಳಿದೆ. ಚಿಕ್ಕ ವಯಸ್ಸಿನವರು, ಒಳ್ಳೆಯವರು. "ರಕ್ತ ಕಡಿಮೆ ಇದೆ ಅಂತ ರಕ್ತ ಹಾಕ್ತಿದ್ದೀವಿ ಮೇಡಂ, ಕಬ್ಬಿಣ ಯಾಕೆ ನೋಡಬೇಕು? ಆ ಟೆಸ್ಟ್ ನಮ್ಮಲ್ಲಿ ಆಗಲ್ಲ" ಎಂದರು. ಖಾಸಗಿ ಲ್ಯಾಬಿನಲ್ಲಿ ಮಾಡಿಸಿದೆವು. ಫೆರಿಟಿನ್ ನಾಲ್ಕು ಸಾವಿರ ದಾಟಿತ್ತು. ಜ್ವರ, ಸೋಂಕು ಇದ್ದಾಗಲೂ ಈ ಸಂಖ್ಯೆ ಏರುತ್ತದೆ. ಹಾಗಾಗಿ ಎರಡನೇ ಸಲ, ಜ್ವರ ಇಲ್ಲದಾಗ ಮಾಡಿಸಿದೆವು. ದೊಡ್ಡ ವ್ಯತ್ಯಾಸ ಬರಲಿಲ್ಲ.

ಆಮೇಲೆ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋದೆವು. ರಕ್ತರೋಗ ತಜ್ಞರು ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಮೊದಲು ಕೇಳಿದ ಪ್ರಶ್ನೆ, ಇಲ್ಲಿಯವರೆಗೆ ಒಟ್ಟು ಎಷ್ಟು ಯೂನಿಟ್? ಉತ್ತರ ಎಲ್ಲೂ ಬರೆದಿರಲಿಲ್ಲ. ಪ್ರತಿ ಸಲ ದಾಖಲಾದಾಗ ಹೊಸ ನಂಬರು, ಹೊಸ ಕೇಸ್ ಪೇಪರ್. ಡಿಸ್ಚಾರ್ಜ್ ಚೀಟಿಯಲ್ಲಿ "2 ಯೂನಿಟ್ ಪಿಆರ್‌ಬಿಸಿ ಕೊಡಲಾಗಿದೆ", ಅಂದರೆ ಎರಡು ಬ್ಯಾಗ್ ಕೆಂಪು ರಕ್ತಕಣ, ಅಷ್ಟೇ. ಒಮ್ಮೆ ತಾಲ್ಲೂಕಿನಲ್ಲಿ, ಒಮ್ಮೆ ಜಿಲ್ಲೆಯಲ್ಲಿ, ಒಮ್ಮೆ ತುರ್ತಿಗೆ ಖಾಸಗಿ ನರ್ಸಿಂಗ್ ಹೋಮಿನಲ್ಲಿ. ನಾನು, ನಮ್ಮ ಅಣ್ಣ ಕೂತು ಚೀಟಿ ಜೋಡಿಸಿ ಲೆಕ್ಕ ಹಾಕಿದೆವು. ಐವತ್ತರ ಹತ್ತಿರ ಎಂದು ಮೇಲೆ ಬರೆದದ್ದು ಹಾಗೆ ಬಂದ ಸಂಖ್ಯೆ. ಸರಿಯಾದ ಸಂಖ್ಯೆ ಸರ್ಕಾರದ ಬಳಿಯೂ ಇಲ್ಲ, ನಮ್ಮ ಬಳಿಯೂ ಇಲ್ಲ.

ಅಷ್ಟರಲ್ಲಿ ಅವ್ವನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಲಿವರ್ ಪರೀಕ್ಷೆಯ ಅಂಕಿಗಳು ಏರಿದ್ದವು. ಎಲ್ಲವೂ ಕಬ್ಬಿಣದಿಂದಲೇ ಎಂದು ತಜ್ಞರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಜಾಸ್ತಿ ಕಬ್ಬಿಣ ಹೋಗಿ ಕೂರುವ ಜಾಗಗಳು ಇವೇ. ಲಿವರ್, ಹೃದಯ, ಇನ್ಸುಲಿನ್ ಹುಟ್ಟಿಸುವ ಮೇದೋಜ್ಜೀರಕ ಗ್ರಂಥಿ, ಥೈರಾಯ್ಡ್, ಮೆದುಳಿನ ಬುಡದ ಪಿಟ್ಯುಟರಿ.

ಕೂತು ಅದು ಮಾಡುವುದೇನು? ಇಲ್ಲಿ ನನ್ನ ವಿಷಯ ಬರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಒಂದು ಪ್ರೋಟೀನ್ ಇದೆ, ಟ್ರಾನ್ಸ್‌ಫೆರಿನ್. ಮಾಮೂಲಿಯಾಗಿ ಅದರ ಮೂರನೇ ಒಂದು ಭಾಗ ಮಾತ್ರ ತುಂಬಿರುತ್ತದೆ. ಸುಗ್ಗಿಯಲ್ಲಿ ನಮ್ಮ ಸಿಂಧನೂರು ಎಪಿಎಂಸಿಯಲ್ಲಿ ಲಾರಿಗಳೆಲ್ಲ ತುಂಬಿದ ಮೇಲೆ ಭತ್ತದ ಚೀಲ ರಸ್ತೆಯ ಮೇಲೇ ಬೀಳುತ್ತವಲ್ಲ, ಹಾಗೆ ಟ್ರಾನ್ಸ್‌ಫೆರಿನ್ ತುಂಬಿದ ಮೇಲೆ ಬರುವ ಕಬ್ಬಿಣ ಯಾವುದಕ್ಕೂ ಅಂಟಿಕೊಳ್ಳದೆ ರಕ್ತದಲ್ಲಿ ಅಲೆಯುತ್ತದೆ. ಈ ಅಲೆಮಾರಿ ಕಬ್ಬಿಣ ಹೃದಯ, ಲಿವರ್‌ನ ಕಣಗಳೊಳಗೆ ನುಗ್ಗುತ್ತದೆ.

ಜೀವಕಣಗಳು ಉಸಿರಾಡುವಾಗ ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದನ್ನು ಕೆಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ನೀರಾಗಿಸಿ ಬಿಡುತ್ತವೆ. ನಡುವೆ ಬಿಡಿ ಕಬ್ಬಿಣ ಸಿಕ್ಕರೆ ಕಥೆ ಬದಲಾಗುತ್ತದೆ. ಎರಡೂ ಸೇರಿ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಬಹಳ ಚುರುಕಾದ ಅಣು ಹುಟ್ಟುತ್ತದೆ. ಇದಕ್ಕೆ ಫೆಂಟನ್ ಕ್ರಿಯೆ ಎನ್ನುತ್ತಾರೆ. ಹೆನ್ರಿ ಫೆಂಟನ್ 1894ರಲ್ಲಿ ಇದರ ಬಗ್ಗೆ ಬರೆದ. ಕೊಳಕು ನೀರು ಶುದ್ಧ ಮಾಡಲು ಕಾರ್ಖಾನೆಗಳಲ್ಲಿ ಇದೇ ಕ್ರಿಯೆ ಬಳಸುತ್ತಾರೆ, ಯಾಕೆಂದರೆ ಸಿಕ್ಕಿದ್ದನ್ನೆಲ್ಲ ಹರಿದುಹಾಕುತ್ತದೆ. ಅದು ಮೈಯೊಳಗೆ ನಡೆದರೆ ಜೀವಕಣದ ಪೊರೆಯ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲಕ್ಕೂ ಏಟು. ವೈದ್ಯರು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುವುದು ಇದನ್ನೇ. ಮೈ ತನ್ನ ಕಿಣ್ವಗಳಿಂದ ತಡೆಯುವುದಕ್ಕಿಂತ ಜಾಸ್ತಿ ಏಟು ಬೀಳುವ ಸ್ಥಿತಿ.

ಇದರಲ್ಲಿ ನನಗೆ ತೀರಾ ಸಂಕಟವಾದ ಭಾಗ ಒಂದಿದೆ. ಈ ಏಟು ಮಜ್ಜೆಗೂ ಬೀಳುತ್ತದೆ. ರಕ್ತ ಹುಟ್ಟಿಸುವ ಮೂಲಕಣಗಳು ಎಲುಬಿನೊಳಗೆ ಆಕ್ಸಿಜನ್ ಕಡಿಮೆ ಇರುವ ಜಾಗದಲ್ಲಿ, ಸುಮ್ನೆ, ಹೆಚ್ಚು ಕೆಲಸ ಮಾಡದೆ ಇರಬೇಕು. ಆಗಲೇ ಅವು ಬಹಳ ಕಾಲ ಬಾಳುತ್ತವೆ. ರಾಡಿಕಲ್‌ಗಳು ಅವುಗಳನ್ನು ಕೆರಳಿಸಿ, ಬೇಗ ಮುದಿಯಾಗಿಸಿ, ಡಿಎನ್‌ಎ ಕೆಡಿಸುತ್ತವೆ. ಅಂದರೆ ಮಜ್ಜೆ ಕೆಟ್ಟಿತೆಂದು ರಕ್ತ ಕೊಡುತ್ತೇವೆ. ಆ ರಕ್ತದ ಕಬ್ಬಿಣ ಉಳಿದ ಮಜ್ಜೆಯನ್ನೂ ಕೆಡಿಸುತ್ತದೆ. ಮತ್ತೆ ಹೆಚ್ಚು ರಕ್ತ ಬೇಕಾಗುತ್ತದೆ. ಕಬ್ಬಿಣ ತೆಗೆಯುವ ಔಷಧ ಕೊಟ್ಟಾಗ ಕೆಲವು ರೋಗಿಗಳಲ್ಲಿ ಎಚ್‌ಬಿ ತಾನೇ ಏರಿ, ರಕ್ತ ಏರಿಸುವುದು ಕಡಿಮೆಯಾದದ್ದನ್ನು ವೈದ್ಯರು ಕಂಡಿದ್ದಾರೆ. ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ. ಆ ಕೆಲವರು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರು ಜಿಲ್ಲೆಗಳಲ್ಲಿ ಯಾರೆಂದು ಗೊತ್ತಾಗಬೇಕಾದರೆ ಮೊದಲು ಪರೀಕ್ಷೆ ಮಾಡಬೇಕು ಅಲ್ವಾ?

ಇನ್ನೊಂದು ಸಂಗತಿ. ಮಜ್ಜೆ ವಿಫಲವಾಗಿ ಒದ್ದಾಡುವಾಗ ಲಿವರ್‌ಗೆ ಒಂದು ಸಂದೇಶ ಕಳಿಸುತ್ತದೆ. ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಕರುಳು ಕಬ್ಬಿಣ ಹೀರುವುದಕ್ಕೆ ಕಡಿವಾಣ ಹಾಕುವುದು ಈ ಹೆಪ್ಸಿಡಿನ್. ಅದು ಇಳಿದರೆ ಮೈ ತುಂಬ ಕಬ್ಬಿಣ ಇದ್ದರೂ ಕರುಳು ಇನ್ನೂ ಹೀರುತ್ತಲೇ ಇರುತ್ತದೆ.

ಇಂಥ ರೋಗಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ? ಅವ್ವನಿಗೆ ಕೊಟ್ಟಿದ್ದಾರೆ. ಒಂದು ಡಿಸ್ಚಾರ್ಜ್ ಚೀಟಿಯಲ್ಲಿ ಅಲ್ಲ, ಹಲವು ಚೀಟಿಗಳಲ್ಲಿ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ 2018ರಿಂದ ನಡೆಯುತ್ತಿದೆ. ದೊಡ್ಡವರ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಮ್ಮ ಭಾಗದ ಗರ್ಭಿಣಿಯರಿಗೆ, ಹುಡುಗಿಯರಿಗೆ ಅದು ಬೇಕೇ ಬೇಕು. ಆ ಕಾರ್ಯಕ್ರಮದ ಬಗ್ಗೆ ನನ್ನ ತಕರಾರಿಲ್ಲ. ಮೈ ಬಿಳಿಚಿದೆ, ಎಚ್‌ಬಿ ಕಡಿಮೆ ಇದೆ ಎಂದಾಕ್ಷಣ ಯಾರಿಗಾದರೂ ಅದೇ ಮಾತ್ರೆ ಬರೆಯುವ ರೂಢಿಯ ಬಗ್ಗೆ ತಕರಾರು. ನಮ್ಮ ಓಣಿಯ ಆಶಾ ಅಕ್ಕ ಪ್ರೀತಿಯಿಂದ ಮನೆಗೇ ಮಾತ್ರೆ ತಂದುಕೊಟ್ಟರು. ಅವರ ತಪ್ಪು ಏನೂ ಇಲ್ಲ. ರಕ್ತ ಏರಿಸಿಕೊಳ್ಳುವ ಮಜ್ಜೆ ರೋಗಿಗೆ ಇದನ್ನು ಕೊಡಬೇಡಿ ಎಂದು ಅವರಿಗೆ ಯಾರೂ ತರಬೇತಿಯಲ್ಲಿ ಹೇಳಿಲ್ಲ.

ನೆಂಟರದ್ದು ಇನ್ನೊಂದು ಕಥೆ. ನೋಡಲು ಬಂದವರೆಲ್ಲ ಬೀಟ್‌ರೂಟು, ಖರ್ಜೂರ, ಯಲಬುರ್ಗಾದ ದಾಳಿಂಬೆ ತರುತ್ತಾರೆ, ರಕ್ತ ಆಗಲಿ ಎಂದು. ಕೆಲವರು ಪಡಿತರ ಅಂಗಡಿಯ ಸಾರವರ್ಧಿತ ಅಕ್ಕಿ ಬಿಡಿಸಿ ಎಂದು ಹೆದರಿಸುತ್ತಾರೆ. ಆ ಅಕ್ಕಿಗೆ ನಿಯಮದ ಪ್ರಕಾರ ಸೇರುವುದು ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. ಒಂದು ಬ್ಯಾಗ್ ರಕ್ತದಷ್ಟು ಕಬ್ಬಿಣ ಬರಬೇಕಾದರೆ ಐದರಿಂದ ಒಂಬತ್ತು ಕಿಲೋ ಅಕ್ಕಿ ಬೇಕು. ಅಕ್ಕಿಯಲ್ಲಿರುವುದೆಲ್ಲ ಮೈಗೆ ಹತ್ತುವುದೂ ಇಲ್ಲ. ರಕ್ತದ್ದು ಪೂರ್ತಿ ಒಳಗೇ ಉಳಿಯುತ್ತದೆ. ಊಟದ ತಟ್ಟೆಯ ಬಗ್ಗೆ ಇಷ್ಟು ಚರ್ಚೆ ನಡೆಯುವ ಊರಿನಲ್ಲಿ ಬ್ಯಾಗಿನ ಬಗ್ಗೆ ಒಂದು ಮಾತಿಲ್ಲ. ಸಂಡೂರಿನ ಗುಡ್ಡ ಅಗೆದು ಸಾಗಿಸುವ ಅದಿರಿಗೆ ಪ್ರತಿ ಲಾರಿಗೂ ಪರ್ಮಿಟ್ಟು, ತೂಕದ ಚೀಟಿ ಇರುವ ಸೀಮೆ ನಮ್ಮದು. ರೋಗಿಯ ಮೈಗೆ ಇಳಿಸುವ ಕಬ್ಬಿಣಕ್ಕೂ ಒಂದು ಚೀಟಿ ಇಡುವುದು ಕಷ್ಟವೇ?

ಔಷಧ ಇಲ್ಲದ ಕಾಯಿಲೆಯಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಔಷಧ ಇದೆ. ಹಳೆಯದು ಡೆಫೆರಾಕ್ಸಮೈನ್. ಅದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಾಗಾಗಿ ವಾರದಲ್ಲಿ ಐದಾರು ರಾತ್ರಿ, ಎಂಟರಿಂದ ಹನ್ನೆರಡು ಗಂಟೆ, ಚರ್ಮದ ಕೆಳಗೆ ಪಂಪಿನಿಂದ ಹರಿಸಬೇಕು. ಎರಡನೆಯದು ಡೆಫೆರಿಪ್ರೋನ್ ಮಾತ್ರೆ. ಅದು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಮೊದಲೇ ಮಜ್ಜೆ ಸೋತವರಿಗೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ. ಮೂರನೆಯದು ಡೆಫೆರಾಸಿರಾಕ್ಸ್. ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿದ್ದು. ದಿನಕ್ಕೆ ಒಂದು ಹೊತ್ತು ನುಂಗಿದರೆ ಸಾಕು. ನಮ್ಮ ದೇಶದಲ್ಲೂ ಸಿಗುತ್ತದೆ. ಅವ್ವ ಈಗ ತೆಗೆದುಕೊಳ್ಳುತ್ತಿರುವುದು ಅದನ್ನೇ. ತಿಂಗಳಿಗೆ ಸಾವಿರಾರು ರೂಪಾಯಿ ಆಗುತ್ತದೆ. ನನಗೆ ಸಂಬಳ ಬರುತ್ತದೆ, ಹೇಗೋ ನಡೆಯುತ್ತದೆ. ಅದೇ ವಾರ್ಡಿನಲ್ಲಿ ಸಿರುಗುಪ್ಪ ಕಡೆಯಿಂದ ಬರುವ ಒಬ್ಬ ಹುಡುಗ ಇದ್ದಾನೆ. ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮಜ್ಜೆ ರಕ್ತಕಣ ಹುಟ್ಟಿಸುವುದನ್ನೇ ಬಹುಪಾಲು ನಿಲ್ಲಿಸಿದ ಕಾಯಿಲೆ. ಅಪ್ಪ ಹಮಾಲಿ ಮಾಡುತ್ತಾನೆ. ಅವರು ಒಂದು ಪಟ್ಟಿ ಮಾತ್ರೆ ತಂದು, ಮುಗಿದ ಮೇಲೆ ಬಿಟ್ಟಿದ್ದಾರೆ. ಆ ಹುಡುಗನಿಗೆ ಮುಂದೆ ಮಜ್ಜೆ ಕಸಿ ಆಗಬಹುದು ಎಂದು ವೈದ್ಯರು ಹೇಳಿದ್ದಾರಂತೆ. ಮೈಯಲ್ಲಿ ಕಬ್ಬಿಣ ತುಂಬಿಕೊಂಡು ಕಸಿಗೆ ಹೋದವರ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಈಗ ಮಾತ್ರೆಗೆ ಉಳಿಸಿದ ದುಡ್ಡು ಆಗ ಯಾವ ಲೆಕ್ಕಕ್ಕೆ?

ಆದರೆ ಸುಮ್ನೆ ಮಾತ್ರೆ ಹಂಚಿ ಎಂದು ನಾನು ಕೇಳುತ್ತಿಲ್ಲ. ಡೆಫೆರಾಸಿರಾಕ್ಸ್ ಮೂತ್ರಪಿಂಡಕ್ಕೆ, ಲಿವರ್‌ಗೆ ತೊಂದರೆ ಕೊಡಬಲ್ಲದು. ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಅದು ಇನ್ನೂ ಅಪಾಯ. ಕನಿಷ್ಠ ತಿಂಗಳಿಗೊಮ್ಮೆ, ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ನೋಡಬೇಕು. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಮ್ಮ ರಾಯಚೂರಿನ ಏಪ್ರಿಲ್, ಮೇ ಬಿಸಿಲು ತಮಗೆ ಗೊತ್ತಿದೆ. ಆ ಬಿಸಿಲಲ್ಲಿ ಭೇದಿ ಹತ್ತಿದ ಮುದುಕಿಗೆ ಇವತ್ತು ಮಾತ್ರೆ ಬೇಡ ಎಂದು ಹೇಳುವವರು ಊರಿನಲ್ಲೇ ಒಬ್ಬರು ಇರಬೇಕು. ಬೆಂಗಳೂರಿನಲ್ಲಿ ಇದ್ದರೆ ಪ್ರಯೋಜನವಿಲ್ಲ. ಮಾತ್ರೆ ಮತ್ತು ಪರೀಕ್ಷೆ ಎರಡೂ ಒಟ್ಟಿಗೆ ಬರಬೇಕು, ಇಲ್ಲವಾದರೆ ಬೇಡ.

ಇಷ್ಟಕ್ಕೂ ಅಡ್ಡಿ ಎಲ್ಲಿದೆ? ನಾನು ಕಂಡ ಮಟ್ಟಿಗೆ ಎರಡು ಕಡೆ ಇದೆ.

ಮೊದಲನೆಯದು ಪಟ್ಟಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಅದರಲ್ಲಿ ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇವೆ. ಬಹಳ ಒಳ್ಳೆಯದಾಯಿತು. ಆ ಮಕ್ಕಳ ತಂದೆತಾಯಿಯರು ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಅವರಿಗಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣ ತೆಗೆಯುವ ಔಷಧ ಉಚಿತವಾಗಿ ಸಿಗುತ್ತದೆ, ದಾಸ್ತಾನು ಇದ್ದಾಗ. ಎಂಡಿಎಸ್, ಅಪ್ಲಾಸ್ಟಿಕ್ ಅನೀಮಿಯಾ ಆ ಪಟ್ಟಿಯಲ್ಲಿ ಇಲ್ಲ. ಒಂದೇ ವಾರ್ಡು, ಒಂದೇ ಬ್ಲಡ್ ಬ್ಯಾಂಕಿನ ರಕ್ತ, ಮೈಯಲ್ಲಿ ಅದೇ ಕಬ್ಬಿಣ. ಪಕ್ಕದ ಮಂಚದವರಿಗೆ ಔಷಧ, ಈ ಮಂಚದವರಿಗೆ ಚೀಟಿ. ಔಷಧಾಲಯದ ಕಿಟಕಿಯಲ್ಲಿ ನನಗೆ ಸಿಕ್ಕ ಉತ್ತರ, "ಇದು ತಲಸ್ಸೇಮಿಯಾದವರ ಕೋಟಾ ಮೇಡಂ." ಮಕ್ಕಳ ಪಾಲು ಕಿತ್ತು ನಮಗೆ ಕೊಡಿ ಎಂದು ಯಾವ ತಾಯಿಯ ಮುಂದೆ ನಿಂತು ಕೇಳಲಿ? ಪಾಲು ದೊಡ್ಡದಾಗಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ ನಿಜ. ಅದು ಮುಖ್ಯವಾಗಿ ದಾಖಲಾಗುವ ಚಿಕಿತ್ಸೆಗೆ. ಮನೆಯಲ್ಲಿ ಕೂತು ವರ್ಷಗಟ್ಟಲೆ ನುಂಗುವ ಮಾತ್ರೆಗೆ ಆ ಕಾರ್ಡು ಕೆಲಸಕ್ಕೆ ಬರಲಿಲ್ಲ.

ಎರಡನೆಯದು ಇಲಾಖೆ. ತಾಲ್ಲೂಕು ಆಸ್ಪತ್ರೆ ತಮ್ಮದು. ಮೆಡಿಕಲ್ ಕಾಲೇಜಿನ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ಔಷಧ ಖರೀದಿಗೆ ವೈದ್ಯಕೀಯ ಸರಬರಾಜು ನಿಗಮ ಇದೆ. ಒಬ್ಬರನ್ನು ಕೇಳಿದರೆ ಇಂಡೆಂಟ್ (ಬೇಡಿಕೆ ಪತ್ರ) ಬಂದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಬೇಡಿಕೆ ಇಲ್ಲದೆ ಇಂಡೆಂಟ್ ಹೇಗೆ ಹಾಕಲಿ ಎನ್ನುತ್ತಾರೆ. ಬೇಡಿಕೆ ಎಲ್ಲಿಂದ ಬರಬೇಕು ಸ್ವಾಮಿ? ಪರೀಕ್ಷೆಯೇ ಮಾಡದಿದ್ದರೆ ಕಬ್ಬಿಣ ಜಾಸ್ತಿಯಾದ ರೋಗಿಯೇ ಜಿಲ್ಲೆಯಲ್ಲಿ ಇಲ್ಲ ಎಂದಾಗುತ್ತದೆ. ಕಾಗದದ ಮೇಲೆ ಎಲ್ಲರೂ ಆರೋಗ್ಯವಾಗಿದ್ದಾರೆ.

ವಯಸ್ಸಾದವರಿಗೆ ಇಷ್ಟು ಖರ್ಚು ಯಾಕೆ ಎಂಬ ಮಾತನ್ನೂ ಕೇಳಿದ್ದೇನೆ. ಒಬ್ಬ ಅಧಿಕಾರಿ ನೇರವಾಗಿಯೇ ಅಂದರು. ಅವರ ಮೇಲೆ ಸಿಟ್ಟಿಲ್ಲ, ಉತ್ತರ ಇದೆ. ಎಂಡಿಎಸ್‌ನಲ್ಲಿ ಬೇಗ ಬೆಳೆಯುವ ಬಗೆ ಇದೆ, ನಿಧಾನವಾಗಿ ಬೆಳೆಯುವ ಬಗೆಯೂ ಇದೆ. ಬೇಗ ಬೆಳೆಯುವ ಬಗೆಯಲ್ಲಿ ಕಬ್ಬಿಣ ತೆಗೆಯುವುದರಿಂದ ಹೆಚ್ಚು ಲಾಭ ಇರಲಿಕ್ಕಿಲ್ಲ, ಒಪ್ಪುತ್ತೇನೆ. ನಿಧಾನದ ಬಗೆಯವರು ಬಹಳ ವರ್ಷ ಬದುಕುತ್ತಾರೆ. ಅವರ ಮೇಲೆ ಟೆಲೆಸ್ಟೊ ಎಂಬ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. 225 ರೋಗಿಗಳು. ಕೆಲವರಿಗೆ ಡೆಫೆರಾಸಿರಾಕ್ಸ್, ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಹೃದಯದ ತೊಂದರೆ, ಲಿವರ್ ತೊಂದರೆ, ಕಾಯಿಲೆ ಲುಕೇಮಿಯಾಗೆ (ರಕ್ತದ ಕ್ಯಾನ್ಸರ್‌ಗೆ) ತಿರುಗುವುದು, ಸಾವು, ಇವು ಯಾವುವೂ ಆಗದೆ ಕಳೆದ ಕಾಲ ಹುಸಿ ಮಾತ್ರೆಯವರಲ್ಲಿ ಮಧ್ಯಾಂಕದ (ಸಾಲಿನ ನಡುವಿನ ರೋಗಿಯ) ಲೆಕ್ಕದಲ್ಲಿ 3.0 ವರ್ಷ, ಔಷಧದವರಲ್ಲಿ 3.9 ವರ್ಷ. ಒಟ್ಟು ಆಯುಷ್ಯ ಹೆಚ್ಚಿತೆಂದು ಆ ಅಧ್ಯಯನ ಖಚಿತವಾಗಿ ತೋರಿಸಲಿಲ್ಲ, ಅದನ್ನೂ ಹೇಳಬೇಕು. ಆದರೆ ಹೃದಯ ಸೋಲದೆ, ಮಂಚ ಹಿಡಿಯದೆ ಹೆಚ್ಚುಕಡಿಮೆ ಇನ್ನೊಂದು ವರ್ಷ. ಮನೆಯಲ್ಲಿ ಮುದುಕರಿರುವ ಯಾರಿಗೂ ಇದರ ಬೆಲೆ ವಿವರಿಸಬೇಕಿಲ್ಲ.

ಹಾಗಾದರೆ ನಾನು ಕೇಳುವುದು ಏನು?

ಮೊದಲಿಗೆ, ಲೆಕ್ಕ. ರಕ್ತ ಏರಿಸಿಕೊಳ್ಳುವ ಪ್ರತಿ ರೋಗಿಗೂ ಒಂದು ಕಾರ್ಡು ಕೊಡಿ. ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಡುವುದಿಲ್ಲವೇ, ಅಷ್ಟೇ ಸರಳವಾಗಿ. ದಿನಾಂಕ, ಎಷ್ಟು ಯೂನಿಟ್, ಇಲ್ಲಿಯವರೆಗೆ ಒಟ್ಟು ಎಷ್ಟು. ಯಾವ ಆಸ್ಪತ್ರೆಯಲ್ಲಿ ಹಾಕಿಸಿಕೊಂಡರೂ ಅದೇ ಕಾರ್ಡಿನಲ್ಲಿ ಬರೆಯಬೇಕು. ಇದಕ್ಕೆ ತಜ್ಞರು ಬೇಡ, ಯಂತ್ರ ಬೇಡ. ಒಂದು ಸುತ್ತೋಲೆ ಸಾಕು. ಒಟ್ಟು ಹತ್ತು ಯೂನಿಟ್ ದಾಟಿದ ಕೂಡಲೇ ಫೆರಿಟಿನ್ ಮಾಡಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಬೇಕು ಎಂದು ಅದೇ ಸುತ್ತೋಲೆಯಲ್ಲಿ ಸೇರಿಸಿ. ಕಾರ್ಡಿನ ಮುಖಪುಟದ ಮೇಲೆ "ಈ ರೋಗಿಗೆ ವೈದ್ಯರು ಬರೆಯದೆ ಕಬ್ಬಿಣದ ಮಾತ್ರೆ, ಟಾನಿಕ್, ಇಂಜೆಕ್ಷನ್ ಕೊಡಬೇಡಿ" ಎಂದು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿ. ನಮ್ಮ ಆಶಾ ಅಕ್ಕ ಓದಿಕೊಳ್ಳುತ್ತಾರೆ.

ಫೆರಿಟಿನ್ ಪರೀಕ್ಷೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಲ್ಯಾಬಿನಲ್ಲೇ, ದುಡ್ಡಿಲ್ಲದೆ, ವರ್ಷವಿಡೀ ಆಗಬೇಕು. ಖಾಸಗಿ ಲ್ಯಾಬುಗಳು ಸಿಂಧನೂರಿನಂಥ ಊರಿನಲ್ಲೇ ಮಾಡಿಕೊಡುವ ಪರೀಕ್ಷೆ ಇದು. ಕಿಟ್ ಮುಗಿದಿದೆ ಎಂಬ ಬೋರ್ಡು ಬೇಡ.

ಔಷಧದ ವಿಷಯದಲ್ಲಿ ನನ್ನ ಕೋರಿಕೆ ಇದು. ಕಾಯಿಲೆಯ ಹೆಸರು ನೋಡಿ ಔಷಧ ಕೊಡುವುದನ್ನು ಬಿಟ್ಟು, ಮೈಯಲ್ಲಿ ಸೇರಿದ ಕಬ್ಬಿಣ ನೋಡಿ ಕೊಡಿ. ತಜ್ಞ ವೈದ್ಯರು ಬೇಕೆಂದು ಬರೆದರೆ ಎಂಡಿಎಸ್ ಇರಲಿ, ಅಪ್ಲಾಸ್ಟಿಕ್ ಅನೀಮಿಯಾ ಇರಲಿ, ಉಚಿತವಾಗಿ ಸಿಗಲಿ. ಪ್ರತಿ ತಿಂಗಳು ಮಾತ್ರೆ ಕೊಡುವ ದಿನವೇ ಕ್ರಿಯಾಟಿನಿನ್, ಲಿವರ್ ಪರೀಕ್ಷೆ ಆಗಲಿ. ಪರೀಕ್ಷೆ ಮಾಡದೆ ಮುಂದಿನ ತಿಂಗಳ ಮಾತ್ರೆ ಕೊಡದಿದ್ದರೂ ನಮ್ಮ ತಕರಾರಿಲ್ಲ. ವರ್ಷಕ್ಕೊಮ್ಮೆ ಕಣ್ಣು, ಕಿವಿ ಪರೀಕ್ಷೆಯೂ ಬೇಕು, ಈ ಔಷಧದಿಂದ ಅಲ್ಲೂ ತೊಂದರೆ ಬರಬಹುದು.

ರಕ್ತರೋಗ ತಜ್ಞರು ಮೂರು ಜಿಲ್ಲೆಗೂ ಒಬ್ಬೊಬ್ಬರು ಬೇಕು ಎಂದು ಕೇಳಲು ಆಸೆ ಇದೆ. ಅಷ್ಟು ಜನ ತಜ್ಞರು ರಾಜ್ಯದಲ್ಲೇ ಸುಲಭವಾಗಿ ಸಿಗುವುದಿಲ್ಲ ಎಂಬುದೂ ಗೊತ್ತು. ತಿಂಗಳಲ್ಲಿ ಒಂದು ನಿಗದಿತ ದಿನ, ವಿಡಿಯೋ ಮೂಲಕವಾದರೂ, ಬೆಂಗಳೂರಿನ ತಜ್ಞರು ನಮ್ಮ ರೋಗಿಗಳ ಫೈಲು ನೋಡಲಿ. ಬೆಂಗಳೂರಿಗೆ ಒಂದು ಸಲ ಹೋಗಿಬರಲು ರೋಗಿ, ಜೊತೆಗೊಬ್ಬರು, ಎರಡು ರಾತ್ರಿ, ಒಂದು ವಾರದ ಕೂಲಿ. ಎಚ್‌ಬಿ ಆರು ಇರುವವರು ರೈಲಿನ ಜನರಲ್ ಬೋಗಿಯಲ್ಲಿ ನಿಂತು ಹೋಗುವುದನ್ನು ನಾನು ನೋಡಿದ್ದೇನೆ.

ಕೊನೆಯದು ಸ್ವಲ್ಪ ದುಡ್ಡಿನ ಕೆಲಸ. ಹೃದಯದಲ್ಲಿ ಎಷ್ಟು ಕಬ್ಬಿಣ ಕೂತಿದೆ ಎಂದು ಫೆರಿಟಿನ್ ಹೇಳುವುದಿಲ್ಲ. ಅದಕ್ಕೆ ಟಿ2 ಸ್ಟಾರ್ ಎಂಬ ಎಂಆರ್‌ಐ ಪರೀಕ್ಷೆ ಬೇಕು. ಅದರ ಅಂಕಿ 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣ ಸೇರಿದೆ ಎಂದರ್ಥ, 10ಕ್ಕಿಂತ ಕಡಿಮೆಯಾದರೆ ಹೃದಯ ಸೋಲುವ ಅಪಾಯ ಬಹಳ. ಬರಿಗಣ್ಣಿಗೆ, ಸ್ಟೆಥಾಸ್ಕೋಪಿಗೆ ಇದು ಮೊದಲೇ ತಿಳಿಯುವುದಿಲ್ಲ. ಹೊಸ ಯಂತ್ರವೇ ಬೇಕೆಂದಿಲ್ಲ. ಇರುವ ಎಂಆರ್‌ಐಗೆ ಸರಿಯಾದ ಸಾಫ್ಟ್‌ವೇರು, ಅದನ್ನು ಓದಲು ತರಬೇತಿ ಪಡೆದ ಒಬ್ಬ ರೇಡಿಯಾಲಜಿಸ್ಟ್. ಮೂರು ಜಿಲ್ಲೆಗಳಿಗೆ ಒಂದು ಕೇಂದ್ರ ಸಾಕು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ವಿಶೇಷ ಸ್ಥಾನ ಪಡೆದ ಪ್ರದೇಶ ನಮ್ಮದು. ಇಂಥ ಕೊರತೆ ತುಂಬಲಿಕ್ಕೆಂದೇ ಒಂದು ಮಂಡಳಿ ಇದೆ, ಅದಕ್ಕೆ ಅನುದಾನ ಇದೆ. ಮಂಡಳಿಯ ಅಧ್ಯಕ್ಷರಿಗೆ ಈ ಪತ್ರದ ಪ್ರತಿ ಕಳಿಸುತ್ತಿರುವುದು ಅದಕ್ಕಾಗಿಯೇ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಲ್ಲಿ ಇಲ್ಲಿ ಜನ ಧರಣಿ ಶುರು ಮಾಡಿದರು. ಆ ಬೇಡಿಕೆಗೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಏಮ್ಸ್ ಬರುವವರೆಗೆ ಕಾಯಬೇಕಾದ ಕೆಲಸ ಇದಲ್ಲ. ಒಂದು ಕಾರ್ಡು, ಒಂದು ರಕ್ತ ಪರೀಕ್ಷೆ, ಒಂದು ಮಾತ್ರೆ. ಇಷ್ಟಕ್ಕೆ ಎರಡು ಇಲಾಖೆಯ ಅಧಿಕಾರಿಗಳು ಒಂದು ಮಧ್ಯಾಹ್ನ ಒಂದೇ ಮೇಜಿನ ಮುಂದೆ ಕೂತರೆ ಆಗುತ್ತದೆ.

ಮುಂದಿನ ಸಾಲಿನ ಔಷಧ ಖರೀದಿಗೆ ಮೂರೂ ಜಿಲ್ಲೆಗಳಿಂದ ಬೇಡಿಕೆ ಪಟ್ಟಿ ಹೋಗುವ ಮೊದಲು, ಮಜ್ಜೆಯ ಕಾಯಿಲೆಯವರ ಸಂಖ್ಯೆಯನ್ನು ಅದರಲ್ಲಿ ಸೇರಿಸಲು ಯಾರಿಗೆ ಆದೇಶ ಕೊಟ್ಟಿದ್ದೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಧಿಕಾರಿಯ ಹುದ್ದೆ ತಿಳಿದರೆ ಸಾಕು. ನಮ್ಮ ವಾರ್ಡಿನ ಮನೆಯವರೆಲ್ಲ ಸೇರಿ ಹಳೆಯ ಚೀಟಿಗಳಿಂದ ಯೂನಿಟ್ ಲೆಕ್ಕ ತೆಗೆಯುತ್ತಿದ್ದೇವೆ. ಅದನ್ನು ಅವರ ಮೇಜಿಗೆ ನಾವೇ ತಂದುಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ರೋಗಿಯೊಬ್ಬರ ಮಗಳು,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ